ಮ್ಯಾಂಗೋಸ್ಟೀನ್ ಸಿಪ್ಪೆಯ ಕಷಾಯ

ಸೆಮಾರಾಂಗ್, ಗುರುವಾರ, ಮಾರ್ಚ್ 14

ಬಾಯಲ್ಲಿನ ಒಗರು ಇನ್ನೂ ಹೋಗಿಲ್ಲ. ಎಲ್ಲ ಅತ್ತೆಯ ಆ ಬಾಟಲಿಯಿಂದ. ಮ್ಯಾಂಗೋಸ್ಟೀನ್ ಸಿಪ್ಪೆಯ ಕಷಾಯ, ಮೇಲೆ ದಪ್ಪಕ್ಷರದಲ್ಲಿ ‘ಆಂಟಿಆಕ್ಸಿಡೆಂಟ್’, ಅಂದರೆ ಮೈ ಒಳಗೆ ತುಕ್ಕು ಹಿಡಿಯದಂತೆ ತಡೆಯುವಂಥದ್ದು. ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿರುವ ನನ್ನ ಮಗಳು ವೆನಿಂಗ್‌ಳ ಮೂಗಿನ ಕೊಳವೆಗೆ ಅದನ್ನು ಸುರಿಯಹೊರಟಿದ್ದರು. ಕೈ ಹಿಡಿದು ನಿಲ್ಲಿಸಿದೆ.

“ಸೋಂಕಿಂದ ಮಿದುಳು ತುಕ್ಕು ಹಿಡಿದ ಹಾಗೆ ಸವೀತಿದೆ ಅಂತ ಡಾಕ್ಟರಮ್ಮನೇ ಹೇಳಲಿಲ್ವೇನೇ? ಇದು ತುಕ್ಕು ತೆಗೆಯೋ ಮದ್ದು!”

ಹೇಳಿದ್ದು ನಿಜ. ಆ ಸವೆತ ತಡೆಯುತ್ತೆ ಅಂತ ಯಾವ ಮದ್ದೂ ಇನ್ನೂ ಸಾಬೀತಾಗಿಲ್ಲ, ಮೊದಲು ಬೆನ್ನಿನಿಂದ ನೀರು ತೆಗೆದು ಯಾವ ರೋಗಾಣು ಅಂತ ನೋಡಬೇಕು ಅಂತಲೂ ಹೇಳಿದ್ದರು. ಅದು ಅತ್ತೆಯ ಕಿವಿಗೆ ಬೀಳಲಿಲ್ಲ.

“ಬೆನ್ನಿಗೆ ಸೂಜಿ ಚುಚ್ಚಿದ್ರೆ ಮಗು ಎದ್ದು ನಡೆಯಲ್ಲ. ಇಡೀ ಕೇರಿ ಹೇಳುತ್ತೆ.”

“ಕೇರಿ ಬಂದು ಇವಳ ಪಕ್ಕ ಕಾಯುತ್ತಾ, ಅತ್ತೆ?”

ಬೆನ್ನಿನ ನೀರು ತೆಗೆಯಲು ಡಾಕ್ಟರಿಗೆ ಒಪ್ಪಿಗೆ ಕೊಟ್ಟೆ. ತಿಳಿಯಾಗಿರಬೇಕಿದ್ದ ಬೆನ್ನುನೀರು ಅಕ್ಕಿ ತೊಳೆದ ನೀರಿನಂತೆ ಕದಡಿತ್ತು, ಸೋಂಕಿನ ಗುರುತು. ಈಗ ಆ ರೋಗಾಣುವಿಗೆ ತಕ್ಕ ಔಷಧ ಅವಳ ನರಕ್ಕೆ ಹನಿಯುತ್ತಿದೆ.

ಅತ್ತೆ ಮುಖ ಊದಿಸಿಕೊಂಡು ಕೂತರು. ಬಾಟಲಿ ಎತ್ತಿ, ಅವರೆದುರಿಗೇ ಗಟಗಟ ಕುಡಿದು ಮುಗಿಸಿದೆ.

“ನಿದ್ದೆಗೆಟ್ಟು ತುಕ್ಕು ಹಿಡೀತಿರೋಳು ನಾನು. ನನಗಿರಲಿ.”

ನಾಳೆ ಇನ್ನೊಂದು ತರುತ್ತಾರಂತೆ. ತರಲಿ. ಅದನ್ನೂ ನಾನೇ ಕುಡಿಯುತ್ತೇನೆ.