ರೋಗವಿಲ್ಲದ ಮನೆಗೂ ಬೇವಿನ ಸೊಪ್ಪು ಕಟ್ಟಿದ ಓಣಿಯಿಂದ

ಮಾನ್ಯ ಆರೋಗ್ಯಾಧಿಕಾರಿಗಳೇ,

ಸುತ್ತಿ ಬಳಸಿ ಬರೆಯುವಷ್ಟು ತಾಳ್ಮೆ ನನಗೆ ಉಳಿದಿಲ್ಲ. ನಮ್ಮ ಓಣಿಯಲ್ಲಿ ದಡಾರದ ಲಸಿಕೆ ಹಾಕುವುದನ್ನು ನೀವು ನಿಲ್ಲಿಸಿದಿರಿ. ನನ್ನ ತಮ್ಮನ ಮಗಳು ಭುವನೇಶ್ವರಿ ದಡಾರದಿಂದ ಸತ್ತಳು. ಇವೆರಡಕ್ಕೂ ಸಂಬಂಧವಿಲ್ಲ ಎಂದು ನಿಮ್ಮ ಕಚೇರಿಯಲ್ಲಿ ಹೇಳಿ ಕಳಿಸಿದರು. ಸಂಬಂಧ ಏನೆಂದು ನಾಲ್ಕು ಜನರೂ ತಿಳಿಯಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಗಾದಿಗನೂರು ದಾಟಿದರೆ ಅದಿರು ಲಾರಿಗಳ ರಸ್ತೆಯ ಪಕ್ಕದಲ್ಲೇ ನಮ್ಮ ಓಣಿ. ಗಂಡಸರು ಗಣಿಗೆ, ಹೆಂಗಸರು ಹೊಲಕ್ಕೆ ಕೂಲಿ ಹೋಗುವವರು. ಮಕ್ಕಳಿಗೆ ದಡಾರ ಎದ್ದರೆ ನಾವು ಅಮ್ಮ ಬಂದಳು ಎನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ, ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರು ಆ ಹೊಸ್ತಿಲು ತುಳಿಯುವುದಿಲ್ಲ. ನೀವು ಇದನ್ನು ಮೂಢನಂಬಿಕೆ ಎನ್ನಬಹುದು. ನಮ್ಮ ನರ್ಸ್ ಹುಸೇನ್‌ಬಿ ಸಿಸ್ಟರ್ ಹಾಗೆ ಎಂದವರಲ್ಲ. ಸೊಪ್ಪು ಕಂಡ ಮನೆಯಲ್ಲಿ ರೋಗವಿದೆ ಎಂದು ತಿಳಿದು, ಅಕ್ಕಪಕ್ಕದ ಮಕ್ಕಳಿಗೆ ತಪ್ಪದೆ ಸೂಜಿ ಹಾಕಿ ಹೋಗುತ್ತಿದ್ದರು.

ಈ ವರ್ಷ ಧರ್ಮ ಉಳಿಸುವ ಹುಡುಗರು ಹೊಸಪೇಟೆಯಿಂದ ಬೈಕು ಹತ್ತಿ ಬಂದರು. ಸೂಜಿಯನ್ನು ನಮ್ಮವರ ಸಂತಾನ ನಿಲ್ಲಿಸಲು ಹೊರದೇಶದವರು ಕಳಿಸಿದ್ದಾರೆ ಎಂದರು. ಹಾಕುವವಳ ಹೆಸರು ನೋಡಿದರೇ ತಿಳಿಯುವುದಿಲ್ಲವೇ ಎಂದರು. ನರ್ಸನ್ನು ತಡೆದರೆ ಕೇಸಾಗುತ್ತದೆ ಎಂಬ ಬುದ್ಧಿ ಮಾತ್ರ ಅವರಿಗಿತ್ತು. ಹಾಗಾಗಿ ಒಂದು ಮಗುವಿಗೂ ಜ್ವರವಿಲ್ಲದಾಗ ಮನೆಮನೆಗೂ ಬೇವಿನ ಸೊಪ್ಪು ಕಟ್ಟಿಸಿದರು. ಅಮ್ಮ ಇರುವ ಮನೆಗೆ ನರ್ಸು ಹೇಗೆ ಕಾಲಿಡುತ್ತಾಳೆ?

ನನ್ನ ತಮ್ಮ ಪರಶುರಾಮನೂ ಒಂದು ಟೊಂಗೆ ಹಿಡಿದು ಬಂದ. ನಮ್ಮವ್ವ ಕರೆಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮ ಬರದ ಮನಿಗೆ ಸೊಪ್ಪು ಕಟ್ಟಬ್ಯಾಡಲೇ. ಬಾ ಅಂತ ಕರ್ದಂಗ ಆಗ್ತೈತಿ."

"ಸುಮ್ನಿರಬೇ. ಇಡೀ ಓಣಿ ಕಟ್ಟೈತಿ. ನಾವೊಬ್ರು ಬಿಟ್ರ ಧರ್ಮ ಬಿಟ್ಟೋರು ಅಂತಾರ."

ಅವನು ಕಟ್ಟಿಯೇ ಬಿಟ್ಟ. ಗುರುವಾರ ಹುಸೇನ್‌ಬಿ ಸಿಸ್ಟರ್ ಲಸಿಕೆಯ ಡಬ್ಬಿ ಹೊತ್ತು ಬಂದು ಓಣಿಯ ತುದಿಯಲ್ಲೇ ನಿಂತರು.

"ಎಲ್ಲಾರ ಮನ್ಯಾಗೂ ಅಮ್ಮ ಬಂದಾಳೇನ್ರಿ?" ಎಂದು ಕೇಳಿದರು.

ಹೆಂಗಸರು ತಲೆ ತಗ್ಗಿಸಿದರು. ಸುಳ್ಳೆಂದು ಸಿಸ್ಟರಿಗೆ ಗೊತ್ತಾಗಿ, ಅಲ್ಲಿಂದಲೇ ನಿಮಗೆ ಫೋನ್ ಮಾಡಿದರು. ನೀವೇನು ಹೇಳಿದಿರಿ? ಜನರ ಭಾವನೆಯ ವಿಚಾರ, ಗಲಾಟೆ ಬೇಡ, ವಾಪಸ್ ಬನ್ನಿ ಎಂದಿರಿ. ಮರುವಾರ ಅವರನ್ನು ಕಂಪ್ಲಿ ಕಡೆಗೆ ಹಾಕಿದಿರಿ. ಅವರ ಜಾಗಕ್ಕೆ ಯಾರನ್ನೂ ಕಳಿಸಲಿಲ್ಲ.

ಭುವನೇಶ್ವರಿಗೆ ಒಂಬತ್ತನೇ ತಿಂಗಳ ಸೂಜಿ ಬೀಳುವ ಹೊತ್ತಿಗೆ ಅವಳ ತಾಯಿ ಉಚ್ಚೆಂಗಮ್ಮ ಮಗುವನ್ನು ಕಟ್ಟಿಕೊಂಡು ಕಬ್ಬು ಕಡಿಯಲು ಪರವೂರಿಗೆ ಹೋಗಿದ್ದಳು. ಹೊಟ್ಟೆಪಾಡಿಗೆ ತಪ್ಪಿಹೋದ ಆ ಸೂಜಿಯನ್ನು ಈ ಸಲ ಹಾಕುತ್ತೇನೆಂದು ಸಿಸ್ಟರ್ ಮೊದಲೇ ಹೇಳಿಹೋಗಿದ್ದರು. ಸೂಜಿ ಬರಲಿಲ್ಲ, ದಡಾರ ಬಂತು. ನಿಜವಾದ ರೋಗ ಯಾವ ಮನೆಯಿಂದ ಶುರುವಾಯಿತೆಂದು ತಿಳಿಯಲು ದಾರಿಯೇ ಇರಲಿಲ್ಲ, ಸೊಪ್ಪು ಎಲ್ಲರ ಬಾಗಿಲಲ್ಲೂ ಇತ್ತು. ಮಕ್ಕಳು ಮನೆಯಿಂದ ಮನೆಗೆ ಆಡುತ್ತಾ ಹೋದವು. ಭುವನೇಶ್ವರಿಗೆ ಉಸಿರು ಸಿಕ್ಕಿಕೊಂಡಾಗ ಆಟೋದಲ್ಲಿ ಹೊಸಪೇಟೆಗೆ ಒಯ್ದೆವು. ನ್ಯುಮೋನಿಯಾ ಎಂದರು. ಅವಳು ತಿರುಗಿ ಬರಲಿಲ್ಲ. ಅವ್ವ ಪರಶುರಾಮನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಅವನು ಅತ್ತಾದರೂ ಹಗುರಾಗುತ್ತಿದ್ದ.

ಬೇರೆ ಬಡ ದೇಶಗಳಲ್ಲಿ ಪೋಲಿಯೊ ಹನಿ ಹಾಕಲು ಹೋದ ಹೆಣ್ಣುಮಕ್ಕಳ ಮೇಲೆ ಮತಾಂಧರು ಗುಂಡು ಹಾರಿಸಿದ್ದನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ಓದಿ ಹೇಳಿದ್ದೇನೆ. ನಮ್ಮಲ್ಲಿ ಗುಂಡಿನ ಖರ್ಚೂ ಬರಲಿಲ್ಲ, ಒಂದು ಮರದ ಸೊಪ್ಪು ಮತ್ತು ನಿಮ್ಮ ಒಂದು ಫೋನು ಸಾಕಾಯಿತು. ಆ ಹುಡುಗರ ಮುಖಂಡನ ಹೆಂಡತಿ ನನ್ನ ಜೊತೆ ಓದಿದವಳು. ಅವರ ಮಗುವಿಗೆ ಖಾಸಗಿ ಆಸ್ಪತ್ರೆಯಲ್ಲಿ ಎಲ್ಲ ಲಸಿಕೆಯೂ ಆಗಿದೆ! ನಿಮ್ಮ ಮಕ್ಕಳಿಗೂ ಆಗಿರಬೇಕಲ್ಲವೇ? ಹಾಗಾದರೆ ಧಕ್ಕೆಯಾಗುವ ಭಾವನೆ ಕೂಲಿಯವರ ಮಕ್ಕಳ ತೋಳಿನಲ್ಲಿ ಮಾತ್ರ ಇರುತ್ತದೆಯೇ? ನನಗೆ ನಿಮ್ಮ ಮೇಲೆ ತಡೆಯಲಾರದ ಸಿಟ್ಟಿದೆ. ಆ ಹುಡುಗರು ಸುಳ್ಳನ್ನು ನಂಬಿರಲೂಬಹುದು, ನೀವು ನಂಬಿರಲಿಲ್ಲ.

ಓಣಿಯಲ್ಲಿ ಸೂಜಿ ಬೀಳದ ಮಕ್ಕಳು ಇನ್ನೂ ಇದ್ದಾರೆ. ಬರುವ ಗುರುವಾರ ಹುಸೇನ್‌ಬಿ ಸಿಸ್ಟರನ್ನೇ ಕಳಿಸಿ, ಮತ್ತು ಅವರ ಪಕ್ಕದಲ್ಲಿ ನೀವೇ ನಡೆದು ಬನ್ನಿ. ಪರಿಹಾರ ಕೇಳುತ್ತಿಲ್ಲ, ಸಾಂತ್ವನವೂ ಬೇಡ. ಹುಡುಗರಿಗೆ ಹೆದರಿ ತಾಯಂದಿರು ಹೊರಗೆ ಬರುವುದಿಲ್ಲ ಎಂಬ ಚಿಂತೆಯಿದ್ದರೆ ಬಿಡಿ. ಓಣಿಯ ತುದಿಯಲ್ಲಿ ಎಲ್ಲರಿಗಿಂತ ಮೊದಲು ಉಚ್ಚೆಂಗಮ್ಮ ಕೂರುತ್ತಾಳೆ. ಅಲ್ಲಿ ನಿನಗೇನು ಕೆಲಸ ಎಂದು ನಾನು ತಡೆಯಲಾರದೆ ಕೇಳಿದೆ.

"ಸೂಜಿ ಚುಚ್ಚುವಾಗ ಮಕ್ಳು ಭಾಳ ಒದ್ದಾಡ್ತಾವ್ರಿ ಅಕ್ಕ," ಅಂದಳು. "ಯಾರಾರ ಹಿಡ್ಕಾಬೇಕಲ್ಲ. ನನ್ನ ಕೈ ಖಾಲಿ ಅದಾವು."

ಇಂತಿ,
ಭಾವನೆಗೆ ಧಕ್ಕೆಯಾದವರ ಲೆಕ್ಕದಲ್ಲಿ ನಿಮಗೆಂದೂ ಸಿಗದ,
ಭುವನೇಶ್ವರಿಯ ಸೋದರತ್ತೆ ಸುಧಾರಾಣಿ
ಅತಿಥಿ ಶಿಕ್ಷಕಿ