ಕೋಲು ಮರೆತು ಬಂದವರು

ಟೂರಿಸ್ಟ್ ಕ್ಲಬ್ ಏರಿಯಾ, ಅಬುಧಾಬಿ
24 ಜೂನ್ 2025

ಪ್ರೀತಿಯ ಮಾಂಯ್,

ನಿಮ್ಮ ಸೊಸೆ ಕ್ಯಾರೊಲಿನಳ ನಮಸ್ಕಾರ. ಮಂಡಿನೋವು ಹೇಗಿದೆ? ಉಡುಪಿಯಲ್ಲಿ ಮಳೆ ಜೋರಂತೆ, ಇಗರ್ಜಿಯ ಒದ್ದೆ ಮೆಟ್ಟಿಲು ಒಬ್ಬರೇ ಹತ್ತಬೇಡಿ. ನಿಮ್ಮ ಮಗಳು ಮೆಲಿಸ್ಸಾ ಬೈಯಲು ಶುರು ಮಾಡಿದರೆ ಕಿವಿಯ ಮೆಷಿನ್ ತೆಗೆದಿಡುತ್ತೀರಂತೆ, ಒಳ್ಳೆಯ ಉಪಾಯ. ನಮ್ಮ ಆಶ್ಲೆ ಚೆನ್ನಾಗಿದ್ದಾಳೆ. ಈಗ ಬರೆಯುತ್ತಿರುವುದು ಫೋನಿನಲ್ಲಿ ಹೇಳುವ ವಿಷಯವಲ್ಲ, ಈಗೀಗ ನಾನು ಫೋನ್ ಹಿಡಿದರೆ ಇವರು ಪಕ್ಕದಲ್ಲೇ ಬಂದು ಕೂರುತ್ತಾರೆ. ಅದಕ್ಕೇ ಊರಿಗೆ ಹೊರಟಿರುವ ಪಕ್ಕದ ಫ್ಲ್ಯಾಟಿನ ಒಲಿಂಡಾಳ ಕೈಯಲ್ಲಿ ಕಾಗದ ಕೊಡುತ್ತಿದ್ದೇನೆ. ನನಗೆ ಹೆದರಿಕೆಯಾಗಿದೆ ಮಾಂಯ್. ನನ್ನ ಜೊತೆ ಕಾಡಿಗೆ ಬಂದ ನಿಮ್ಮ ಮಗ ಮೊರಿಸ್ ಬೇರೆ, ವಾಪಸು ಬಂದವರು ಬೇರೆ ಅನ್ನಿಸುತ್ತಿದೆ.

ಬಕ್ರೀದ್ ರಜೆಯಲ್ಲಿ ಉಗಾಂಡಾದ ನ್ಯಾಷನಲ್ ಪಾರ್ಕಿಗೆ ಹೋಗಿದ್ದು ನಿಮಗೆ ಗೊತ್ತಲ್ಲ. ಚಿಂಪಾಂಜಿ ನೋಡಲು ಚಿಕ್ಕ ಮಕ್ಕಳನ್ನು ಬಿಡುವುದಿಲ್ಲವೆಂದು ಆಶ್ಲೆಯನ್ನು ಒಲಿಂಡಾಳ ಮನೆಯಲ್ಲಿ ಬಿಟ್ಟಿದ್ದೆವು. ಬೆಳಿಗ್ಗೆ ಎಂಟು ಗಂಟೆಗೂ ಆ ಕಾಡಿನೊಳಗೆ ಮುಸ್ಸಂಜೆಯ ಬೆಳಕು. ಕತ್ತೆತ್ತಿದರೆ ಮರದ ತುದಿ ಕಾಣುವುದಿಲ್ಲ. ಮಳೆ ಇಲ್ಲದಿದ್ದರೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ನಮ್ಮನ್ನು ಕರೆದೊಯ್ದ ರೇಂಜರ್ ಹಲೀಮ ಎಂಬ ಹೆಂಗಸು, ಹೆಗಲಲ್ಲಿ ಬಂದೂಕು. ಎಲ್ಲರಿಗೂ ಒಂದೊಂದು ಊರುಗೋಲು ಕೊಟ್ಟು ತನ್ನದೇ ಒಂದು ನಿಯಮ ಹೇಳಿದಳು. ಮೂತ್ರಕ್ಕೆಂದು ದಾರಿ ಬಿಟ್ಟು ಹೋಗುವವರು ಕೋಲನ್ನು ದಾರಿಯಲ್ಲಿ ನೆಟ್ಟು ಹೋಗಬೇಕು, ಬಂದಮೇಲೆ ತಾವೇ ಕಿತ್ತುಕೊಳ್ಳಬೇಕು. ಬೇರೆಯವರು ಕಿತ್ತು ಕೊಡಬಾರದು, ಹೆಂಡತಿಯಾದರೂ. ಯಾಕೆ ಎಂದು ಇವರು ಕೇಳಿದ್ದಕ್ಕೆ, ಹೋದವನಿಗೆ ತನ್ನ ಕೋಲಿನ ಗುರುತಿರುತ್ತದೆ ಎಂದಳು. ಇವರು ನಕ್ಕರು.

ಸ್ವಲ್ಪ ದೂರ ಹೋದಮೇಲೆ ಇವರಿಗೇ ಅವಸರವಾಯಿತು. ಕೋಲು ನೆಟ್ಟು ಬಲಗಡೆಯ ಪೊದೆಗೆ ಹೋದರು. ಮೇಲೆ ಬೊಬ್ಬೆ ಹೊಡೆಯುತ್ತಿದ್ದ ಚಿಂಪಾಂಜಿಗಳು ಒಮ್ಮೆಲೇ ಸುಮ್ಮನಾದವು. ಬಲಗಡೆ ಹೋದವರು ಎಡಗಡೆಯಿಂದ ಬಂದರು. ನಮ್ಮೆಲ್ಲರ ಬೂಟು ಕೆಸರೋ ಕೆಸರು, ಇವರದು ಒಣಗಿತ್ತು. ಕೋಲಿನತ್ತ ನೋಡದೆ ಮುಂದೆ ನಡೆದುಬಿಟ್ಟರು. ನಿಮ್ಮ ಮಗನ ಮರೆವು ನಿಮಗೆ ಗೊತ್ತಿದ್ದದ್ದೇ. ಹನ್ನೆರಡು ವರ್ಷದಿಂದ ಕನ್ನಡಕ, ಮೊಬೈಲು, ಎಮಿರೇಟ್ಸ್ ಐಡಿ ಎಲ್ಲವನ್ನೂ ಹಿಂದಿನಿಂದ ಹೆಕ್ಕಿಕೊಂಡು ಹೋಗುವವಳು ನಾನು. ಕೈ ತಾನಾಗಿ ಹೋಯಿತು, ಕೋಲು ಕಿತ್ತು ಕೊಟ್ಟೆ. ಗೇಟಿನಲ್ಲಿ ಹಲೀಮ ಇವರ ಮುಖವನ್ನು ತುಂಬ ಹೊತ್ತು ನೋಡಿ, ಕೋಲು ನೀವೇ ಕಿತ್ತುಕೊಂಡಿರಾ ಎಂದು ಕೇಳಿದಳು. ಇವರು ನನ್ನತ್ತ ತಿರುಗಿದರು. ಹೌದು, ಅವರೇ ಕಿತ್ತುಕೊಂಡದ್ದು ಎಂದು ಸುಳ್ಳು ಹೇಳಿದವಳು ನಾನು. ಸುಮ್ಮನೆ ಬೈಸಿಕೊಳ್ಳುವುದು ಯಾಕೆ ಎಂದು, ಅಷ್ಟೇ.

ಬಂದು ಎರಡು ವಾರವಾಯಿತು. ನಲವತ್ತಾರು ಡಿಗ್ರಿ ಬಿಸಿಲಿನಲ್ಲಿ ಹೋಟೆಲ್ ಡ್ಯೂಟಿಯಿಂದ ನಡೆದು ಬಂದರೂ ಇವರ ಅಂಗಿ ಬೆವರಿನಲ್ಲಿ ಒದ್ದೆಯಾಗುವುದಿಲ್ಲ. ಬಾಲ್ಕನಿಯಲ್ಲಿ ಒಣಗಿ ಕಡ್ಡಿಯಾಗಿದ್ದ ಕರಿಬೇವು ಈ ಜೂನಿನಲ್ಲಿ ಚಿಗುರಿದೆ. ಇವರು ಅದರ ಪಕ್ಕ ಕೂರುತ್ತಾರೆ ಅಷ್ಟೇ, ನೀರು ಹಾಕಿದ್ದನ್ನು ನಾನು ನೋಡಿಲ್ಲ. ಜಪಮಾಲೆಯ ತೇರ್ಸ್ ಪ್ರಾರ್ಥನೆ ಶುರುವಾದರೆ ಗೊರಕೆ ಹೊಡೆಯುತ್ತಿದ್ದ ಮನುಷ್ಯ ಈಗ ಮೊಣಕಾಲೂರಿ ಕೂತು, ನಾನು ನನ್ನ ಭಾಗ ಮುಗಿಸುವ ಮೊದಲೇ ಉತ್ತರ ಹೇಳಿರುತ್ತಾರೆ.

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದು. ಆದರೆ ಇವರು ಒಳ್ಳೆಯವರಾಗಿದ್ದಾರೆ ಮಾಂಯ್. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನೀವೇ ಹೇಳುತ್ತಿದ್ದಿರಿ, ಒಂದು ದಿನ ಕಾಡಿಗೆ ಹೋಗಿ ಬಂದರೆ ಹೋಗುತ್ತದಾ? “ಎಂತ ಮಾರಾಯ್ತಿ, ಉಪ್ಪು ಎಲ್ಲಿ ಉಂಟು ಇದರಲ್ಲಿ?” ಎಂದು ಬಟ್ಟಲು ದೂಡುತ್ತಿದ್ದವರು ಈಗ ಬಡಿಸಿದ್ದನ್ನು ಉಂಡು ಬಟ್ಟಲು ತೊಳೆದಿಡುತ್ತಾರೆ. ಹೋದ ವರ್ಷ ನನ್ನ ಕೈ ಮುರಿದಾಗ ಬಾತ್‌ರೂಮಿನಲ್ಲಿ ಜಾರಿದೆ ಎಂದಿದ್ದೆನಲ್ಲ, ಅದೂ ಸುಳ್ಳು. ಮುರಿದದ್ದು ನಿಮ್ಮ ಮಗ. ಮೊನ್ನೆ ಅದೇ ಕೈಯನ್ನು ಮೆಲ್ಲ ಹಿಡಿದು “ಇನ್ನೂ ನೋಯ್ತದಾ?” ಎಂದು ಕೇಳಿದರು. ನಾನು ಅತ್ತುಬಿಟ್ಟೆ. “ಮಮ್ಮಾ, ಡ್ಯಾಡಾ ಈಸ್ ನೈಸ್ ನೌ” ಎಂದು ಆಶ್ಲೆ ಕುಣಿಯುತ್ತಾಳೆ. ಪಾರ್ಕಿನ ಆಫೀಸಿಗೆ ಫೋನ್ ಮಾಡಿ, ನಾನು ಸುಳ್ಳು ಹೇಳಿದೆ, ಒಬ್ಬರು ಒಳಗೇ ಉಳಿದಿರಬಹುದು, ಹುಡುಕಿ ಎಂದು ಹೇಳಬೇಕು. ನಂಬರ್ ಫೋನಿನಲ್ಲೇ ಇದೆ. ಇವತ್ತಿನವರೆಗೆ ಮಾಡಿಲ್ಲ.

ಮೆಲಿಸ್ಸಾಗೆ ನನ್ನ ನೆನಪು ಹೇಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಮಗಾಗಿ ಪ್ರಾರ್ಥಿಸಿ.

ನಿಮ್ಮ ಸೊಸೆ,
ಕ್ಯಾರೊಲಿನ್

ತಾ.ಕ.: ಒಲಿಂಡಾ ಕೆಳಗೆ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದಾಳೆ. ಶುಕ್ರವಾರ ಇವರು ನಿಮ್ಮನ್ನು ನೋಡಲು ಬರುತ್ತಿದ್ದಾರೆ. ಜಗಳವಾಡಿ ನಾಲ್ಕು ವರ್ಷ ನಿಮ್ಮ ಹೊಸ್ತಿಲು ತುಳಿಯದವರು, ನಾನು ಹೇಳದೆಯೇ ಟಿಕೆಟ್ ಮಾಡಿಸಿದ್ದಾರೆ. ಚಿಕ್ಕಂದಿನಲ್ಲಿ ಗೇರುಮರದಿಂದ ಬಿದ್ದಾಗ ಆದ ಕಲೆ ಬಲಕಿವಿಯ ಹಿಂದೆ ಇದೆಯಲ್ಲ, ಅದು ಈಗ ಇದೆಯೋ ಇಲ್ಲವೋ ನಾನು ನೋಡಿಲ್ಲ, ನೋಡುವುದೂ ಇಲ್ಲ. ನೀವು ಹೆತ್ತವರು, ನಿಮಗೆ ಕಲೆ ನೋಡದೆಯೂ ಗೊತ್ತಾಗುತ್ತದೆ. “ಇವನು ನನ್ನ ಮಗನಲ್ಲ” ಎಂದು ನಿಮಗೆ ಗೊತ್ತಾದರೆ, ನಿಮ್ಮ ಕಾಲು ಹಿಡಿಯುತ್ತೇನೆ ಮಾಂಯ್, ಬೊಬ್ಬೆ ಹಾಕಬೇಡಿ. ಹೊಟ್ಟೆ ತುಂಬ ಊಟ ಹಾಕಿ, ನನ್ನ ಹತ್ತಿರ ವಾಪಸು ಕಳಿಸಿಕೊಡಿ.