ಹನ್ನೊಂದು ಸಾಲಿನ ಪಟ್ಟಿ

ಯಗಟಿ
೧೮.೨.೨೦೨೫

ಪ್ರೀತಿಯ ಮಾನಸ,

೨೦೨೨ರ ನವೆಂಬರಿನಲ್ಲಿ ನೀನೂ ನಿನ್ನ ಸಂಶೋಧನೆಯ ತಂಡದವರೂ ನಮ್ಮೂರಿನ ಮುನ್ನೂರ ಹನ್ನೆರಡು ಜನರ ಹೊಟ್ಟೆ ಸ್ಕ್ಯಾನ್ ಮಾಡಿದಿರಿ. ಹನ್ನೊಂದು ಜನರ ಹೊಟ್ಟೆಯಲ್ಲಿ ಹುಳುವಿನಿಂದಾಗುವ ನೀರುಗುಳ್ಳೆ ಕಂಡಿತು. ಒಬ್ಬರಿಗೂ ಹೇಳಲಿಲ್ಲ. ಕಳೆದ ತಿಂಗಳು ಅವರಲ್ಲಿ ಒಬ್ಬಳು, ಬೀರಪ್ಪನ ಹೆಂಡತಿ ಲಿಂಗಮ್ಮ, ಸತ್ತಳು.

ಕೋಪ ಮಾಡಿಕೊಳ್ಳಲೂ ಈಗ ಶಕ್ತಿ ಸಾಲದು. ಆದರೂ ಬರೆಯಬೇಕು, ಏಕೆಂದರೆ ಜನರನ್ನು ಕರೆತಂದವಳು ನಾನು. ದೊಡ್ಡಮ್ಮ, ಟೀಚರ್ ಮಾತು ಅಂದ್ರೆ ಬರ್ತಾರೆ ಎಂದು ನೀನು ಹೇಳಿದೆ. ಬಂದರು. ಒಬ್ಬೊಬ್ಬರ ಹೆಸರು, ವಯಸ್ಸು, ಕಸುಬು ನನ್ನ ಕೈಯಲ್ಲೇ ಬರೆದೆ. ಲಿಂಗಮ್ಮ ಮಲಗುವ ಮೊದಲು, ನನ್ನ ಹೊಟ್ಟೇಲಿ ಮುದ್ದೆ ಬಿಟ್ರೆ ಇನ್ನೇನ್ ಕಂಡಾತು ಟೀಚರಮ್ಮ ಎಂದು ನಗಾಡಿದ್ದಳು. ತಿಂಗಳೊಳಗೆ ಮನೆಮನೆಗೆ ಫಲಿತಾಂಶ ಬರುತ್ತದೆ ಎಂದು ನಾನೇ ಮಾತು ಕೊಟ್ಟೆ.

ನಿಮ್ಮ ಕೆಲಸವೆಲ್ಲ ಸುಳ್ಳು ಎನ್ನುವುದಿಲ್ಲ. ಕುರಿ ಕೊಯ್ದಾಗ ಗುಳ್ಳೆ ಬಿದ್ದ ಲಿವರ್ ದೇವರ ಎಡೆಗೆ ಆಗದು ಎಂದು ಮಂದೆ ಕಾಯುವ ನಾಯಿಗೆ ಹಾಕುವುದು ಅಜ್ಜಂದಿರ ಕಾಲದ ರೂಢಿ. ನಾಯಿಗೂ ಒಂದು ಪಾಲು ಎನ್ನುವ ಮರ್ಯಾದೆ ಅದು. ಆ ಗುಳ್ಳೆಯಿಂದಲೇ ನಾಯಿಗೆ ಹುಳು, ನಾಯಿಯಿಂದ ಆ ಹುಳುವಿನ ಮೊಟ್ಟೆ ನಮ್ಮ ಕೈಗೆ, ಬಾಯಿಗೆ, ಹೊಟ್ಟೆಯಲ್ಲಿ ಮತ್ತೆ ಗುಳ್ಳೆ ಎಂದು ನೀವು ಬಿಡಿಸಿ ಹೇಳಿದಿರಿ. ಬೀರಪ್ಪನೇ ಮೊದಲು ಗುಂಡಿ ತೋಡಿ ಅಂಥ ಲಿವರ್ ಹೂಳಿದ. ಮೂರು ತಿಂಗಳಿಗೊಮ್ಮೆ ಊರಿನ ನಾಯಿಗಳಿಗೆಲ್ಲ ಮಾತ್ರೆ ಬಂತು. ಲಿಂಗಮ್ಮನಿಗೆ ಒಂದು ಚೀಟಿ ಬರಲಿಲ್ಲ.

ಮೇವಿನ ಹೊರೆ ಇಳಿಸುವಾಗ ಜಾರಿ ಬಿದ್ದಳು. ಹೊಟ್ಟೆಯೊಳಗಿನ ಗುಳ್ಳೆ ಒಡೆಯಿತು. ಮೈಯೆಲ್ಲ ದದ್ದು, ಉಸಿರು ಕಟ್ಟಿತು. ಶಿವಮೊಗ್ಗಕ್ಕೆ ಹೊರಟ ಆಂಬುಲೆನ್ಸ್ ತರೀಕೆರೆ ದಾಟುವ ಮೊದಲೇ ಎಲ್ಲ ಮುಗಿಯಿತು.

ಹನ್ನೊಂದನೆಯ ದಿನದ ತಿಥಿಯಲ್ಲಿ ಬೀರಪ್ಪ ನನ್ನನ್ನು ಬೈಯಲಿಲ್ಲ. ಅವತ್ತು ಸ್ಕ್ಯಾನ್ ಟಿವಿಯಾಗೆ ಏನೂ ಕಾಣ್ಲಿಲ್ವಾ ಟೀಚರಮ್ಮ ಎಂದಷ್ಟೇ ಕೇಳಿದ. ಮರುದಿನ ಕಡೂರಿಗೆ ಹೋಗಿ, ನಿಮ್ಮ ಸಂಶೋಧನೆಯ ಇಂಗ್ಲಿಷ್ ಲೇಖನ ಹುಡುಕಿಸಿ, ಪ್ರಿಂಟ್ ಹಾಕಿಸಿದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ದಿನ ಓದಿದೆ. ಊರಿನ ಹೆಸರಿಲ್ಲ, ಜನರ ಹೆಸರಿಲ್ಲ. ಹನ್ನೊಂದು ಸಾಲಿನ ಒಂದು ಪಟ್ಟಿ ಇದೆ. ಏಳನೆಯ ಸಾಲು: ಮೂವತ್ತೆಂಟು, ಹೆಣ್ಣು, ಕುರಿ ಸಾಕಣೆ, ಗುಳ್ಳೆ ಒಂಬತ್ತು ಸೆಂಟಿಮೀಟರ್. ಆ ವಯಸ್ಸು ನಾನೇ ಬರೆದದ್ದು.

ನಾನು ಫೋನ್ ಮಾಡಿದಾಗ ನೀನು ಅತ್ತುಬಿಟ್ಟೆ. ಸ್ಕ್ಯಾನ್ ಮಾಡಿದವರು ಒಂದು ಕಾಲೇಜು, ನಾಯಿ ನೋಡಿದವರು ಇನ್ನೊಂದು, ಲೆಕ್ಕ ಹಾಕಿದವರು ಹೊರದೇಶದವರು, ತಿಳಿಸುವುದು ಇನ್ನೊಬ್ಬರ ಕೆಲಸ ಅಂತ ಒಬ್ಬೊಬ್ಬರೂ ಅಂದ್ಕೊಂಡ್ವಿ ದೊಡ್ಡಮ್ಮ ಎಂದೆ. ಮೂವರೂ ಲೇಖನಕ್ಕೆ ಹೆಸರು ಹಾಕುವಾಗ ಅದು ಯಾರ ಕೆಲಸ ಎಂಬ ಅನುಮಾನ ಬರಲಿಲ್ಲವೇ? ಕೊನೆಯಲ್ಲಿ ಗ್ರಾಮಸ್ಥರಿಗೆ ಕೃತಜ್ಞತೆ ಎಂದಿದೆ. ಬೀರಪ್ಪನಿಗೆ ಅದನ್ನು ಓದಿ ಹೇಳದೆ ಹಾಳೆ ಮಡಿಸಿಟ್ಟೆ.

ಇನ್ನೂ ಹತ್ತು ಜನರಿದ್ದಾರೆ. ಹೊರೆ ಹೊರುತ್ತಾರೆ, ತೆಂಗಿನ ಮರ ಹತ್ತುತ್ತಾರೆ. ಅವರವರ ಸುದ್ದಿ ಈ ವಾರದೊಳಗೆ ಅವರವರ ಕಿವಿಗೆ ಮಾತ್ರ ಬೀಳಲಿ. ಚಿಕಿತ್ಸೆಗೆ ಡಾಕ್ಟರನ್ನು ಕರೆತನ್ನಿ. ಆಮೇಲೆ ನೀವು ಮೂರೂ ಕಡೆಯವರು ನಮ್ಮ ಹಾಲಿನ ಡೇರಿ ಮುಂದೆ ಬಂದು ನಿಲ್ಲಿ. ಪಟ್ಟಿ ಯಾರ ಕೈಯಲ್ಲಿತ್ತು, ಎರಡು ವರ್ಷ ಯಾಕೆ ಅಲ್ಲೇ ಇತ್ತು, ಕನ್ನಡದಲ್ಲಿ, ಬೀರಪ್ಪನ ಮುಖ ನೋಡಿಕೊಂಡು ಹೇಳಿ.

ನಿನ್ನ ದೊಡ್ಡಮ್ಮ,
ಶಕುಂತಲಮ್ಮ

ಮರೆತಿದ್ದೆ: ಪಟ್ಟಿಯ ಕೊನೆಯ ಸಾಲು, ಅರವತ್ತಾರು, ಹೆಣ್ಣು, ನಿವೃತ್ತ ಶಿಕ್ಷಕಿ, ನಾಲ್ಕು ಸೆಂಟಿಮೀಟರ್. ಊರಿನಲ್ಲಿ ಅಂಥವಳು ನಾನೊಬ್ಬಳೇ. ನಿನ್ನಮ್ಮನಿಗೆ ಹೇಳಬೇಡ, ಗಾಬರಿಯಾಗುತ್ತಾಳೆ. ಸ್ಕ್ಯಾನ್ ನಡೆದ ಮೂರು ವಾರ ನೀನು ನಮ್ಮ ಮನೆಯಲ್ಲೇ ಇದ್ದು ಊಟ ಮಾಡಿದೆಯಲ್ಲ, ಆಗಲೇ ನಿನಗೆ ಗೊತ್ತಿತ್ತೇ? ಇದೊಂದಕ್ಕೆ ಮಾತ್ರ ಉತ್ತರ ಊರ ಮುಂದೆ ಬೇಡ. ನನಗೆ ಬರೆ.